ಆರಬೇಕಾಗಿದ್ದ ದೀಪ

"ಗುರುಗಳೇ, ಲಕ್ಷಾಂತರ ವರ್ಷ ಅನಿಲವನ್ನು ಹಿಡಿದಿಟ್ಟ ನೆಲ, ಈಗ ನಾವು ತುಂಬುವ ಅನಿಲವನ್ನು ಹಿಡಿದಿಡಲಾರದೆ?" ಎಂದು ಶಿಷ್ಯ ಕೇಳಿದ.

ಅವನ ಮುಂದೆ ಒಂದು ನಕ್ಷೆ ಹರಡಿತ್ತು. ನೆಲದಾಳದ ಬಂಡೆಯಲ್ಲಿದ್ದ ಅನಿಲವನ್ನೆಲ್ಲ ತೆಗೆದು ಬರಿದಾದ ನಿಕ್ಷೇಪದ ನಕ್ಷೆ ಅದು. ಕಾರ್ಖಾನೆಗಳು ಉಗುಳುವ ಇಂಗಾಲದ ಡೈಆಕ್ಸೈಡನ್ನು ಆ ಬಂಡೆಯೊಳಗೆ ತುಂಬಿಡಬಹುದೇ ಎಂದು ಪರೀಕ್ಷಿಸಿ ಹೇಳುವುದು ಅವನ ಕೆಲಸ. ಆ ನೆಲದ ಮೇಲೆ ಮೂರು ಹಳ್ಳಿಗಳಿದ್ದವು. ತುಂಬಬಹುದು ಎಂದು ಅವನು ಮರುದಿನ ಸಹಿ ಹಾಕುವವನಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿಗೆ ಅಜ್ಜನ ಕಾಲದ ಹಗೇವು ಇತ್ತು. ಹಗೇವು ಎಂದರೆ ಜೋಳ ಕೂಡಿಡಲು ನೆಲದೊಳಗೆ ತೋಡಿದ ಕುಳಿ. ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಗಾಳಿಯೂ ನೀರೂ ಒಳಗೆ ಹೋಗುವುದಿಲ್ಲ. ಆದ್ದರಿಂದ ಜೋಳ ಕೆಡುವುದಿಲ್ಲ. ಅಜ್ಜನ ಜೋಳ ಅದರಲ್ಲಿ ಒಂಬತ್ತು ವರ್ಷ ಕೆಡದೆ ಇತ್ತು. ಆಮೇಲೆ ಅದನ್ನು ಖಾಲಿ ಮಾಡಿ ಮುಚ್ಚಿದ್ದರು. ಈಗ ಊರಿನವರೆಲ್ಲ ತಮ್ಮ ವರ್ಷದ ಜೋಳವನ್ನು ಅದರಲ್ಲೇ ಇಡುವುದೆಂದು ಮಾತಾಯಿತು. ಅದು ಕೆಟ್ಟರೆ ಊರಿಗೇ ಊಟವಿಲ್ಲ.

ರೈತ ಚಪ್ಪಡಿ ಸರಿಸಿದ ಕೂಡಲೇ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟ. ಮುಚ್ಚಿದ ಹಗೇವಿನಲ್ಲಿ ದೀಪವನ್ನೂ ಆರಿಸುವ ಕೆಟ್ಟ ಗಾಳಿ ನಿಂತಿರುತ್ತದೆ. ನೋಡದೆ ಇಳಿದವನು ಸಾಯುತ್ತಾನೆ. ಅದಕ್ಕಾಗಿ ಈ ಪದ್ಧತಿ. ದೀಪ ಆರಲಿಲ್ಲ. ರೈತ ಇಳಿದ. ಗೋಡೆ ಬಡಿದು ನೋಡಿದ, ಗಟ್ಟಿಯಾಗಿತ್ತು. ತಳ ಮುಟ್ಟಿ ನೋಡಿದ, ಒಣಗಿತ್ತು. ತಲೆಯ ಮೇಲೆ ಮಾತ್ರ ನೋಡಲಿಲ್ಲ.

"ನಮ್ಮಜ್ಜನ ಹಗೇವು, ಕೇಳೋದೇನೈತಿ? ನಾಳಿಂದ ತುಂಬ್ರಿ" ಎಂದ.

ಪಕ್ಕದ ಮನೆಯ ಮುದುಕಿ ಕಟ್ಟೆಯ ಮೇಲೆ ಕೂತಿದ್ದಳು. "ದೀಪ ಆರಲಿಲ್ಲೇನೋ ತಮ್ಮಾ?"

"ಇಲ್ಲಬೇ, ಚಂದ ಉರೀತು."

"ಚಂದ ಉರೀತಂತ ಕುಣೀಬ್ಯಾಡ. ಇಷ್ಟು ವರ್ಷ ಮುಚ್ಚಿದ ಹಗೇವಿನಾಗ ದೀಪ ಉರೀತಂದ್ರ, ಎಲ್ಲಿಂದೋ ಗಾಳಿ ಹೊಕ್ಕೊಂತೈತಿ. ತುಂಬಿದವ ನಿಮ್ಮಜ್ಜ, ಅಂವಗ ಒಂದ ಬಾಯಿ ಸಾಕಾಗಿತ್ತು. ತಗದವರು ನಾವು. ಅವಸರಕ್ಕ ಮ್ಯಾಲಿಂದ ಇನ್ನೆರಡು ಬಾಯಿ ಕೊರದಿದ್ವಿ. ಬುಟ್ಟಿ ಹೊತ್ತಾಕಿ ನಾನ."

ಮುದುಕಿ ಎರಡು ಜಾಗ ತೋರಿಸಿದಳು. ಎರಡನ್ನೂ ಅಂದು ಸಡಿಲ ಮಣ್ಣು ಸುರಿದು ಮುಚ್ಚಿ ಮರೆತಿದ್ದರು. ಸಡಿಲ ಮಣ್ಣಿನಲ್ಲಿ ಗಾಳಿ ಇಳಿದರೆ ಮಳೆಯ ನೀರೂ ಇಳಿಯುತ್ತದೆ. ರೈತ ಅದನ್ನೆಲ್ಲ ತೆಗೆದು, ಜಿಗುಟು ಮಣ್ಣು ತುಂಬಿ, ಗೇಣುಗೇಣಿಗೂ ದಮ್ಮಸು ಹಾಕಿ ಬಡಿದು ಗಟ್ಟಿ ಮಾಡಿದ. ಚಪ್ಪಡಿ ಮುಚ್ಚಿ ಒಂದು ತಿಂಗಳು ಕಾದ. ಮತ್ತೆ ತೆರೆದು ದೀಪ ಇಳಿಬಿಟ್ಟ. ಅರ್ಧ ದಾರಿಯಲ್ಲೇ ಆರಿತು. ರೈತ ನಕ್ಕು ಊರಿನವರನ್ನು ಕರೆದ. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಬಾಯಿ ತೆರೆದಿಟ್ಟು ಆಮೇಲೆ ತುಂಬಿದರು. ಜೋಳ ಉಳಿಯಿತು.

ಶಿಷ್ಯನ ಮುಖ ಅರಳಿತು. "ಅಂದರೆ ನೆಲವನ್ನು ನಂಬಬಹುದು. ಅನಿಲ ತೆಗೆಯಲು ನಮ್ಮವರು ಕೊರೆದ ಬಾವಿಗಳನ್ನು ನೋಡಬೇಕು. ನೋಡಿದ್ದೇನೆ ಗುರುಗಳೇ. ನಕ್ಷೆಯಲ್ಲಿರುವ ಹನ್ನೊಂದು ಬಾವಿಗಳೂ ಭದ್ರವಾಗಿ ಮುಚ್ಚಿವೆ."

ಗುರುಗಳು ನಕ್ಷೆಯ ಒಂದು ಖಾಲಿ ಜಾಗದ ಮೇಲೆ ಬೆರಳಿಟ್ಟರು.

"ನಾನು ಅಲ್ಲಿ ಕೆಲಸಕ್ಕಿದ್ದಾಗ ನಾವು ಕೊರೆದದ್ದು ಹನ್ನೆರಡು."