ಮಸಿ ಹಚ್ಚದ ಓಲೆ

ಹೊಳೆಯ ದಂಡೆಯಲ್ಲೊಂದು ಗುರುಕುಲ. ಅಲ್ಲಿ ಸೋಮದೇವ ಗುರುಗಳು ವೈದ್ಯ ಹೇಳಿಕೊಡುತ್ತಿದ್ದರು. ಪಾಠವೆಲ್ಲ ತಾಳೆಯೋಲೆಯ ಮೇಲೆ.

ಗುರುಗಳು ಕಂಟವೆಂಬ ಕಬ್ಬಿಣದ ಮೊನಚು ಕಡ್ಡಿ ಹಿಡಿದು ಓಲೆಯ ಮೇಲೆ ಅಕ್ಷರ ಕೊರೆಯುವರು. ಬರೀ ಕೊರೆದ ಗೀರಿಗೆ ಬಣ್ಣವಿಲ್ಲ. ಎಣ್ಣೆಯಲ್ಲಿ ಕಲಸಿದ ಮಸಿಯನ್ನು ಮೇಲೆ ತಿಕ್ಕಿ ಒರೆಸಿದರೆ ಗೀರಿನೊಳಗೆ ಕಪ್ಪು ನಿಂತು ಅಕ್ಷರ ಎದ್ದು ಕಾಣುತ್ತದೆ.

ಮಸಿ ತಿಕ್ಕುವ ಕೆಲಸ ಹಿರಿಯ ಶಿಷ್ಯ ಬೊಮ್ಮರಸನದು. ಆ ಕೆಲಸದ ಮೇಲೆ ಅವನಿಗೆ ಎಲ್ಲಿಲ್ಲದ ಹೆಮ್ಮೆ. ಮೂಗಿನ ತುದಿಗೂ ಮಸಿ ಮೆತ್ತಿಕೊಂಡೇ ಓಡಾಡುತ್ತಿದ್ದ.

ನಾಗಲೆಯ ಓಲೆಯನ್ನು ಮಾತ್ರ ಅವನು ಮುಟ್ಟುವಂತಿರಲಿಲ್ಲ.

ನಾಗಲೆಗೆ ಹುಟ್ಟಿನಿಂದ ಕಣ್ಣು ಕಾಣದು. ಅವಳಿಗೆಂದು ಗುರುಗಳು ದಪ್ಪ ಗರಿಯನ್ನು ಆರಿಸಿ, ಕಂಟವನ್ನು ಒತ್ತಿ ಹಿಡಿದು, ದೊಡ್ಡ ಅಕ್ಷರಗಳನ್ನು ಆಳವಾಗಿ ಕೊರೆಯುತ್ತಿದ್ದರು. ಮಸಿ ತುಂಬಿದರೆ ಗೀರು ಮುಚ್ಚಿಹೋಗುತ್ತದೆ, ಬೆರಳಿಗೆ ಸಿಗುವುದಿಲ್ಲ. ಆದ್ದರಿಂದ ಅವಳ ಓಲೆಯನ್ನು ಹಾಗೆಯೇ ಬಿಡುತ್ತಿದ್ದರು. ಅವಳು ತೋರುಬೆರಳನ್ನು ಮೆಲ್ಲಗೆ ಸರಿಸುತ್ತ ಓದುವಳು.

ಬೊಮ್ಮರಸನಿಗೆ ಇದು ಸರಿಬರಲಿಲ್ಲ. ಕೆಟ್ಟವನೇನಲ್ಲ, ಪಾಪ. ಊಟಕ್ಕೆ ಕೂತವರ ಸಾಲು ಸೊಟ್ಟಗಾದರೆ ಎಲ್ಲರನ್ನೂ ಎಬ್ಬಿಸಿ ಮತ್ತೆ ಕೂರಿಸುವ ಆಸಾಮಿ.

ಮಳೆಗಾಲ ಮುಗಿದು ಪರೀಕ್ಷೆ ಹತ್ತಿರ ಬಂತು. ಹೊಸ ಓಲೆಯನ್ನು ಎಲ್ಲರೆದುರು ಓದಿದವರು ಮುಂದಿನ ಪಾಠಕ್ಕೆ, ಓದದವರು ಮನೆಗೆ. ನಾಗಲೆಯ ತಂದೆಯೂ ಬರುವವನಿದ್ದ. ಮಗಳನ್ನು ಬಿಟ್ಟುಹೋಗಲಿಕ್ಕೋ, ಕರೆದೊಯ್ಯಲಿಕ್ಕೋ, ಅವನಿಗೇ ತಿಳಿಯದು.

ಬೊಮ್ಮರಸ ಗುರುಗಳ ಮುಂದೆ ಹೋಗಿ ನಿಂತ.

"ಗುರುಗಳೇ, ಒಂದು ಮಾತು ಕೇಳಲೇ?"

"ಕೇಳಪ್ಪ."

"ನಾಗಲೆಗೊಂದು ಥರ ಓಲೆ, ನಮಗೊಂದು ಥರ. ದಿನದ ಪಾಠಕ್ಕಾದರೆ ಇರಲಿ. ಪರೀಕ್ಷೆಯಲ್ಲೂ ಅವಳಿಗೆ ಅನುಕೂಲ ಮಾಡಿಕೊಟ್ಟರೆ ಉಳಿದವರಿಗೆ ಅನ್ಯಾಯ ಅಲ್ಲವೇ?"

"ಏನು ಮಾಡೋಣ ಅಂತೀಯ?"

"ಎಲ್ಲರಿಗೂ ಒಂದೇ ಥರದ ಓಲೆ ಇರಲಿ."

ಗುರುಗಳು ಕಂಟವನ್ನು ಕೆಳಗಿಟ್ಟು ಅವನ ಮುಖವನ್ನೇ ನೋಡಿದರು.

"ಆಗಲಿ. ಒಂದೇ ಥರದ್ದು ಇರಲಿ."

ಕಂಬದ ಆಚೆ ಕೂತು ಬೇರು ಕುಟ್ಟುತ್ತಿದ್ದ ನಾಗಲೆಯ ಕೈ ನಿಂತುಬಿಟ್ಟಿತು.

ಸಂಜೆ ಬೊಮ್ಮರಸ ನೋಡುತ್ತಾನೆ, ಅವಳು ಸೀರೆ, ಕಂಬಳಿ ಎಲ್ಲ ಮಡಚಿ ಗಂಟು ಕಟ್ಟುತ್ತಿದ್ದಾಳೆ.

"ಇದೇನು ನಾಗಲೆ?"

"ಅಪ್ಪ ಬಂದಾಗ ಕಾಯಿಸಬಾರದಲ್ಲ ಅಣ್ಣ. ಮಸಿ ಹಚ್ಚಿದ ಓಲೆ ನನಗೆ ಬರೀ ನುಣುಪು."

"ಯಾರಾದರೂ ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿಕೊಳ್ಳಬಹುದಲ್ಲ?"

"ನಾಳೆ ನಮ್ಮೂರಲ್ಲಿ ರೋಗಿ ಮುಂದೆ ಬಂದು ಕೂತಾಗ, ಔಷಧಿಯ ಓಲೆ ಓದಿ ಹೇಳೋಕೆ ಯಾರನ್ನು ಕೂಗಲಿ?" ಅವಳು ಗಂಟನ್ನು ಬಿಗಿದಳು. "ಇಲ್ಲಿಗೆ ಬಂದ ಮೇಲೆ ಮೊದಲ ಸಲ ನನ್ನಷ್ಟಕ್ಕೆ ನಾನೇ ಓದಿದೆ ಅಣ್ಣ. ಅದನ್ನು ಮರೆಯೋದು ಕಷ್ಟ."

ಬೊಮ್ಮರಸ ಅಲ್ಲಿಂದ ಹೊರಟ. ನ್ಯಾಯ ಅಂದರೆ ನ್ಯಾಯ ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಆ ರಾತ್ರಿ ಊಟದ ಸಾಲು ಸೊಟ್ಟಗಿದ್ದದ್ದು ಅವನ ಕಣ್ಣಿಗೆ ಬೀಳಲೇ ಇಲ್ಲ.

ಪರೀಕ್ಷೆಯ ದಿನ. ಆಗಷ್ಟೇ ಬೆಳಕು ಹರಿಯುತ್ತಿತ್ತು. ಹುಲ್ಲು ಮಾಡಿನ ಕೆಳಗೆ ಶಿಷ್ಯರು ಸಾಲಾಗಿ ಕುಳಿತರು. ನಾಗಲೆಯ ತಂದೆ ರುಮಾಲನ್ನು ಕೈಯಲ್ಲಿ ಹಿಡಿದು ಬಾಗಿಲ ಬಳಿಯೇ ನಿಂತಿದ್ದ. ಗುರುಗಳು ತಾವೇ ಎಲ್ಲರಿಗೂ ಓಲೆ ಹಂಚಿದರು.

"ಬೊಮ್ಮರಸ, ನೀನು ಮೊದಲು ಓದು."

ಅವನು ಓಲೆಯನ್ನು ನೋಡಿದ. ಏನೂ ಇಲ್ಲ. ಕಣ್ಣು ಕಿರಿದು ಮಾಡಿದ, ಓಲೆಯನ್ನು ಓರೆಯಾಗಿ ಹಿಡಿದ, ಬಾಗಿಲ ಕಡೆ ತಿರುಗಿಸಿದ. ಅಲ್ಲೊಂದು ಕೊಂಬು, ಇಲ್ಲೊಂದು ಒತ್ತಕ್ಷರ ಕಂಡ ಹಾಗಾಗಿ ಮಾಯವಾಯಿತು. ಪಕ್ಕದವರ ಪಾಡೂ ಅಷ್ಟೇ.

"ಗುರುಗಳೇ, ಮಸಿ ಹಚ್ಚೋದು ಮರೆತಿದ್ದೀರಿ."

"ಮರೆತಿಲ್ಲಪ್ಪ. ಎಲ್ಲರಿಗೂ ಒಂದೇ ಥರದ್ದು."

"ಮಸಿ ಇಲ್ಲದೆ ಓದೋದು ಹೇಗೆ?"

ಗುರುಗಳು ನಾಗಲೆಯ ಕಡೆ ತಿರುಗಿದರು.

"ನಾಗಲೆ, ನೀನು ಓದು ತಾಯಿ."

ಕೇಳಿದ್ದನ್ನು ನಂಬಲಾಗದೆ ಅವಳಿಗೆ ಓಲೆಯನ್ನು ಮುಟ್ಟುವುದಕ್ಕೇ ಭಯ. ಕೊನೆಗೆ ತೋರುಬೆರಳನ್ನು ಅಂಚಿಗಿಟ್ಟು ಸರಿಸಿದಳು. ಬೆರಳು ತಟ್ಟನೆ ನಿಂತಿತು. ಮುಖ ಅರಳಿತು.

"ನೆಲನೆಲ್ಲಿಯ ಬೇರನ್ನು ತೊಳೆದು, ಬಿಸಿಲಿಗೆ ಹಾಕದೆ, ನೆರಳಿನಲ್ಲಿ ಒಣಗಿಸತಕ್ಕದ್ದು..."

ಒಂದೂ ತಪ್ಪಿಲ್ಲದೆ ಕೊನೆಯ ಸಾಲಿನವರೆಗೆ ಓದಿದಳು. ಬಾಗಿಲಲ್ಲಿದ್ದ ತಂದೆ ಅಲ್ಲೇ ನೆಲದ ಮೇಲೆ ಕುಸಿದು ಕೂತು ರುಮಾಲಿನಿಂದ ಮುಖ ಮುಚ್ಚಿಕೊಂಡ.

"ಮುಂದಿನ ಪಾಠಕ್ಕೆ ಬಾ," ಎಂದರು ಗುರುಗಳು.

ಬೊಮ್ಮರಸನ ಕಿವಿ ಕೆಂಪಗಾಯಿತು. ಇಷ್ಟು ವರ್ಷ ದಿನಾ ತಾನು ತಿಕ್ಕಿದ ಮಸಿ ಯಾರ ಅನುಕೂಲಕ್ಕೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಈಗ ಮಸಿ ಬೇಕೆಂದು ಕೇಳಲು ನಾಚಿಕೆಯಾಯಿತು. ಓಲೆಯನ್ನು ಎದೆಗೊತ್ತಿಕೊಂಡು ತಲೆ ತಗ್ಗಿಸಿ ಕುಳಿತ.

ಅವನು ಅಳುತ್ತ ಮೂಗೆಳೆದುಕೊಂಡ ಸದ್ದು ನಾಗಲೆಗೆ ಕೇಳಿಸಿತು.

"ಗುರುಗಳೇ, ಅಣ್ಣನಿಗೆ ಮಸಿ ಕೊಡಿ. ಅವನೂ ಓದಬೇಕಲ್ಲ."

ಗುರುಗಳು ಮಸಿಯ ಬಟ್ಟಲನ್ನು ತಂದು ಬೊಮ್ಮರಸನ ಪಕ್ಕದಲ್ಲೇ ಕುಳಿತರು. ಅವನ ಬೆನ್ನ ಮೇಲೆ ಕೈಯಿಟ್ಟರು.

"ಅಳಬೇಡಪ್ಪ. ಓಲೆ ಇತ್ತ ಕೊಡು, ನಿನಗೆ ಕಾಣೋ ಹಾಗೆ ಮಾಡಿಕೊಡ್ತೇನೆ."