ಹೋಗ್ತೀನಿ ಎಂಬ ಮಾತು

ಹೊಳೆಯ ದಂಡೆಯ ಮೇಲೊಂದು ಚಿಕ್ಕ ಮಠ. ಅಲ್ಲಿದ್ದವರು ಓಂಕಾರಯ್ಯನವರು, ಅವರ ಶಿಷ್ಯ ಸೋಮಲಿಂಗ, ಒಂದು ಹಸು. ಹಸುವಿಗೆ ಬೇಕಾದಷ್ಟು ಹುಲ್ಲಿತ್ತು, ಶಿಷ್ಯನಿಗೆ ಬೇಕಾದಷ್ಟು ಕೆಲಸವಿತ್ತು.

ಆರು ವರ್ಷ ಸೇವೆ ಮಾಡಿದ ಮೇಲೆ ಒಂದು ಬೆಳಿಗ್ಗೆ ಸೋಮಲಿಂಗ ಕೈಮುಗಿದು ನಿಂತ.

"ಬುದ್ಧಿ, ನನಗೆ ಕಾವಿ ಕೊಡಿ."

ಅಯ್ಯನವರು ಹಸುವಿನ ಮೈ ತಿಕ್ಕುತ್ತಿದ್ದರು. ತಿರುಗಿ ನೋಡಲಿಲ್ಲ.

"ಯಾಕಪ್ಪ, ಬಿಳೀ ಬಟ್ಟೆ ಬೇಗ ಕೊಳೆಯಾಗುತ್ತಾ?"

"ತಮಾಷೆ ಬೇಡಿ ಬುದ್ಧಿ. ನನ್ನ ಮನಸ್ಸು ಬರಿದಾಗಿದೆ. ಊರು, ಮನೆ, ಹಾಗೆ ಮಾಡಬಾರದು, ಹೀಗೆ ಅನ್ನಬಾರದು ಅನ್ನೋ ಕಟ್ಟುಪಾಡು, ಎಲ್ಲಾ ಈ ಹೊಳೆಯಲ್ಲಿ ಬಿಟ್ಟಿದ್ದೀನಿ."

"ಎಲ್ಲಾ?"

"ಎಲ್ಲಾ."

"ಸರಿ ಹಾಗಾದರೆ. ಊರಿಗೆ ಹೋಗಿ ನಿಮ್ಮವ್ವನಿಗೆ ಒಂದು ಮಾತು ಹೇಳು. 'ಹೋಗ್ತೀನಿ' ಅಂತ. ಅಷ್ಟೇ. ಹಿಂದೆ ಮುಂದೆ ಏನೂ ಸೇರಿಸಬೇಡ. ಹೇಳಿ ಬಂದ ದಿನವೇ ಕಾವಿ."

ಸೋಮಲಿಂಗನಿಗೆ ನಗು ಬಂತು. ಆರು ವರ್ಷದ ಸಾಧನೆಗೆ ಇಷ್ಟು ಸಲೀಸಾದ ಪರೀಕ್ಷೆಯೇ!

ಊರು ಅರ್ಧ ದಿನದ ದಾರಿ. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ, ಅಣ್ಣನ ನಾಲ್ಕು ವರ್ಷದ ಮಗಳು ಗಿರಿಜೆ. ಅವ್ವ ಮುದ್ದೆ ಬಡಿಸಿ, ಬೇಡ ಬೇಡ ಎಂದರೂ ಇನ್ನೊಂದು ಸೌಟು ಸಾರು ಬಿಟ್ಟಳು. ಉಂಡೆದ್ದ ಸೋಮಲಿಂಗ ಅವಳ ಕಾಲು ಮುಟ್ಟಿ ನಮಸ್ಕರಿಸಿ ಹೊರಗೆ ಕಾಲಿಟ್ಟ.

"ಬರ್ತೀನವ್ವ."

"ಹ್ಞೂಂ, ಹೋಗಿ ಬಾರಪ್ಪ."

ಕೆರೆಯ ಏರಿ ಹತ್ತಿದ ಮೇಲೆಯೇ ಅವನಿಗೆ ತಾನು ಏನಂದೆ ಎಂಬುದು ಹೊಳೆದದ್ದು. ಹಣೆ ಚಚ್ಚಿಕೊಂಡ.

"ಬಾಯಿ ತಪ್ಪಿತು, ಬುದ್ಧಿ," ಎಂದು ಬಂದು ಒಪ್ಪಿಕೊಂಡ.

"ಬಾಯಿ ಸರಿಯಾಗೇ ಇದೆ," ಎಂದರು ಅಯ್ಯನವರು. "ಇನ್ನೊಂದು ಸಲ ಹೋಗು."

ಈ ಸಲ ಸೋಮಲಿಂಗ ಮೈಮರೆಯಲಿಲ್ಲ. ಹೆಜ್ಜೆಗೊಂದು ಸಲ "ಹೋಗ್ತೀನಿ, ಹೋಗ್ತೀನಿ" ಎಂದು ಜಪಿಸುತ್ತಲೇ ನಡೆದ. ಎದುರಿಗೆ ಕುರಿ ಹೊಡೆದುಕೊಂಡು ಬರುತ್ತಿದ್ದ ಮುದುಕನೊಬ್ಬ ನಿಂತು ಕಿವಿಗೊಟ್ಟ.

"ಅದ್ಯಾವ ಮಂತ್ರ ಸ್ವಾಮಿ?"

"ಹೋಗ್ತೀನಿ ಅನ್ನೋ ಮಂತ್ರ."

"ಯಾರು ಕಲಿಸಿದರೋ, ಅರ್ಧಂಬರ್ಧ ಕಲಿಸಿದ್ದಾರೆ," ಎಂದು ಮುದುಕ ತಲೆಯಾಡಿಸಿದ. "ಹೋಗಿ ಬರ್ತೀನಿ ಅನ್ನಿ. ನಮ್ಮ ಕುರಿಗಳೂ ಹಟ್ಟಿ ಬಿಡುವಾಗ ಹಾಗೇ ಅನ್ನೋದು."

ಮನೆಯಲ್ಲಿ ಅವ್ವ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಸೋಮಲಿಂಗ ಕೂರಲಿಲ್ಲ, ಉಣ್ಣಲಿಲ್ಲ. ಒಂದು ಕಾಲು ಹೊಸ್ತಿಲಾಚೆ ಇಟ್ಟು, ಉಸಿರು ಬಿಗಿಹಿಡಿದು ಬಾಯಿ ತೆರೆದ.

"ಅವ್ವ, ಹೋಗ್ತೀ..."

"ಬಿಡ್ತು ಅನ್ನಪ್ಪ!" ಅತ್ತಿಗೆ ಕೊಡವನ್ನು ಧಡಕ್ಕನೆ ಇಳಿಸಿದಳು. "ಬಾಗಿಲಲ್ಲಿ ನಿಂತು ಅದೇನು ಮಾತು?"

ಗಿರಿಜೆ ಓಡಿಬಂದು ಅವನ ಪಂಚೆ ಹಿಡಿದಳು. "ಚಿಕ್ಕಪ್ಪ, ಹೋಗಿ ಬಲ್ತೀನಿ ಅನ್ನು!"

ರಕಾರ ಇನ್ನೂ ಮಗುವಿನ ನಾಲಿಗೆಗೆ ಬಂದಿರಲಿಲ್ಲ. ಈ ಮಾತು ಬಂದಿತ್ತು.

ಅವ್ವ ಮಾತ್ರ ಬೈಯಲಿಲ್ಲ. ಸೋಮಲಿಂಗ ಅವಳನ್ನೇ ಕೇಳಿದ.

"ಯಾಕವ್ವ ಹಾಗನ್ನಬಾರದು? ಒಂದು ಮಾತು ತಾನೇ?"

"ನನಗೇನು ಗೊತ್ತಪ್ಪ. ನಮ್ಮವ್ವ ಅನ್ನುತ್ತಿರಲಿಲ್ಲ, ನಾನೂ ಅನ್ನಲಿಲ್ಲ." ಅವ್ವ ಒಂದು ಕಾಯಿ ಬಿಡಿಸಿದಳು. "ನಿಮ್ಮಪ್ಪ ಒಬ್ಬರು ನೋಡು, ಈ ಹೊಸ್ತಿಲು ದಾಟುವಾಗ ಏನೂ ಹೇಳದೆ ಹೋದವರು. ನಾಲ್ಕು ಜನ ಎತ್ತಿಕೊಂಡಾಗ ಹೇಳೋದೆಲ್ಲಿ ಬಂತು. ಅದಕ್ಕೆ ನಾನೇ 'ಹೋಗಿ ಬನ್ನಿ' ಅಂದೆ."

"ಆ ಹೊತ್ತಲ್ಲಿ ಅನ್ನಬಾರದಲ್ಲವ್ವ ಅದನ್ನ?"

"ಅನ್ನಬಾರದು. ಅತ್ತೆ ನನ್ನ ಬಾಯಿ ಮುಚ್ಚಿದರು. ಅಷ್ಟರಲ್ಲಿ ಬಂದುಬಿಟ್ಟಿತ್ತು."

ಅವ್ವ ಮತ್ತೆ ಅವರೆಕಾಯಿಗೆ ಕೈಹಾಕಿದಳು. ಅತ್ತಿಗೆ ಕೊಡ ಎತ್ತಿಕೊಳ್ಳದೆ ನಿಂತಿದ್ದಳು. ಮಗು ಪಂಚೆ ಬಿಟ್ಟಿರಲಿಲ್ಲ. ಹೇಳಲು ಹೊರಟ ಮಾತು ಸೋಮಲಿಂಗನ ಗಂಟಲಲ್ಲೇ ಇತ್ತು. ನಾಲಿಗೆಗೆ ತರುವಷ್ಟು ಶಕ್ತಿ ಆರು ವರ್ಷದಲ್ಲಿ ಅವನು ಕಲಿತ ಯಾವುದರಲ್ಲೂ ಇರಲಿಲ್ಲ.

"ಬರ್ತೀನವ್ವ," ಎಂದ. ಈ ಸಲ ಬಾಯಿ ತಪ್ಪಿ ಅಂದದ್ದಲ್ಲ.

ಮಠಕ್ಕೆ ಬಂದವನೇ ಅಯ್ಯನವರ ಕಾಲಿಗೆರಗಿದ.

"ಕಾವಿ ನನ್ನ ಮೈಗಲ್ಲ ಬುದ್ಧಿ. ಮನಸ್ಸು ಬರಿದಾಗಿದೆ ಅಂದೆ, ಸುಳ್ಳು. ಅದನ್ನು ನಾನು ಕಟ್ಟಿದ್ದೇ ಅಲ್ಲ. ಅವ್ವ ಕಟ್ಟಿದ್ದಾಳೆ, ಅವಳವ್ವ ಕಟ್ಟಿದ್ದಾಳೆ, ನಾನು ಮುಖ ಕಾಣದವರು ಎಷ್ಟು ಜನವೋ ಕಟ್ಟಿದ್ದಾರೆ. ಎಂಥ ಕೆಲಸಗಾರರು ಬುದ್ಧಿ! ಹೋಗೋ ಮಾತಿನೊಳಗೇ ಬರೋ ದಾರಿ ಮಾಡಿಟ್ಟಿದ್ದಾರೆ. ಅದನ್ನು ಒಡೆಯೋಕೆ ನನ್ನ ಕೈಲಾಗಲಿಲ್ಲ. ಹಸು ನೋಡಿಕೊಂಡು ಇಲ್ಲೇ ಇರ್ತೀನಿ. ಅದಾದರೂ ಆಗಬಹುದಾ?"

ಅಯ್ಯನವರು ಎದ್ದು ಒಳಗೆ ಹೋದರು. ಮಡಿಸಿದ ಕಾವಿ ಬಟ್ಟೆ ತಂದು ಅವನ ಹೆಗಲ ಮೇಲಿಟ್ಟರು.

ಸೋಮಲಿಂಗ ಗಾಬರಿಯಾದ. "ಬುದ್ಧಿ, ನಾನು ಆ ಮಾತು ಹೇಳಿಲ್ಲ!"

"ಕಿವಿ ಇದೆಯಪ್ಪ ನನಗೆ. ಮೊದಲ ಭಿಕ್ಷೆ ನಿಮ್ಮವ್ವನ ಕೈಯಿಂದಲೇ ತರಬೇಕು. ಬರ್ತೀನಿ ಅಂದು ಬಂದಿದ್ದೀಯ, ಅವಳನ್ನು ಕಾಯಿಸಬೇಡ."

ಸೋಮಲಿಂಗನ ಕಣ್ಣು ತುಂಬಿತು. ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ. ಆಮೇಲೆ ಅಳುಕುತ್ತ ಕೇಳಿದ.

"ಬುದ್ಧಿ, ನೀವು ಮನೆ ಬಿಟ್ಟಾಗ ನಿಮ್ಮವ್ವನಿಗೆ ಏನಂದಿರಿ?"

ಅಯ್ಯನವರು ಹೊಳೆಯ ಕಡೆ ಮುಖ ತಿರುಗಿಸಿದರು.

"'ಹೋಗ್ತೀನಿ' ಅಂದೆ. ಮೂವತ್ತೆಂಟು ವರ್ಷವಾಯಿತು. ಆ ಹೊಸ್ತಿಲನ್ನ ಇನ್ನೂ ದಾಟೋಕಾಗಿಲ್ಲ ಕಣಪ್ಪ."