ಕ್ಯಾಮೆರಾ ಮತ್ತು ಗಾಜು ನೆಕ್ಕುವ ಮೀನು

ಹಲ್ಲಿನ ಡಾಕ್ಟರ್ ಪ್ರಫುಲ್ಲಾ ಕೊಂಡು ತಂದ ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ಜಂಬವೋ ಜಂಬ. ಕ್ಲಿನಿಕ್ಕಿನ ಅಕ್ವೇರಿಯಂ ಮುಂದೆ ಫ್ಲ್ಯಾಶ್ ಮೇಲೆ ಫ್ಲ್ಯಾಶ್ ಹೊಡೆಯಿತು. ಒಳಗಿದ್ದ ಗೋಲ್ಡ್‌ಫಿಶ್ ಒಂದರಲ್ಲೂ ಬೀಳಲಿಲ್ಲ. ಇಪ್ಪತ್ತು ಫೋಟೊದಲ್ಲೂ ಗಾಜಿನ ಮೇಲೆ ಬಿದ್ದ ತನ್ನದೇ ಬೆಳಕು, ತನ್ನದೇ ಮೂತಿ.

"ಇದು ಸರಿಯಿಲ್ಲ, ಸಂಜೆ ಅಂಗಡಿಗೆ ವಾಪಸ್ ಕೊಡ್ತೀನಿ," ಎಂದರು ಡಾಕ್ಟರಮ್ಮ. ಕ್ಯಾಮೆರಾದ ಜೀವ ಬಾಯಿಗೆ ಬಂತು.

ಅಗಲಕ್ಕೆ ತೆರೆದ ಬಾಯಿಯನ್ನು ಗಾಜಿಗೆ ಅಂಟಿಸಿ ಪಾಚಿ ನೆಕ್ಕುತ್ತಿದ್ದ ಕಪ್ಪು ಮೀನು ಕೇಳಿತು: "ಏನಪ್ಪಾ ಮಿಂಚುಹುಳ, ಫೋಟೊ ತೆಗೀತಿರೋದು ನಮ್ಮದೋ, ನಿನ್ನದೋ?"

"ಅಣಕಿಸಬೇಡ ಅಣ್ಣಾ, ದಾರಿ ಹೇಳು."

"ನಿನ್ನ ದೀಪ ಆರಿಸು. ನನ್ನ ಹಾಗೆ ಗಾಜಿಗೆ ಮೂತಿ ಒತ್ತಿ ಸುಮ್ಮನಿರು. ತಿಂಡಿ ಹಾಕುವಾಗ ಗೋಲ್ಡ್‌ಫಿಶ್ ತಾನಾಗೇ ಬರುತ್ತೆ."

ಕ್ಯಾಮೆರಾ ಹಾಗೇ ಮಾಡಿತು. ತಿಂಡಿ ಬಿದ್ದ ಕೂಡಲೇ ಗೋಲ್ಡ್‌ಫಿಶ್ ಮುಂದೆ ಬಂತು. ಫೋಟೊದಲ್ಲಿ ಒಂದೊಂದು ಹುರುಪೆಯನ್ನೂ ಎಣಿಸುವಷ್ಟು ಚೆನ್ನಾಗಿ ಬಿತ್ತು.

"ಎಂಥಾ ಕ್ಯಾಮೆರಾ! ಕೊಡೋದೇ ಇಲ್ಲ," ಎಂದರು ಡಾಕ್ಟರಮ್ಮ. ಹೊಗಳಿಕೆ ಕೇಳಿ ಕ್ಯಾಮೆರಾಕ್ಕೆ ನಾಚಿಕೆಯಾಯಿತು. ಕಪ್ಪು ಮೀನಿನ ಕಡೆ ಯಾರೂ ತಿರುಗಿಯೂ ನೋಡಲಿಲ್ಲವಲ್ಲ.

ಡಾಕ್ಟರಮ್ಮ ಮತ್ತೆ ಗೋಲ್ಡ್‌ಫಿಶ್‌ಗೆ ಗುರಿಯಿಟ್ಟರು. ಕ್ಯಾಮೆರಾ ಕಣ್ಣು ಹೊರಳಿಸಿ ಕಪ್ಪು ಮೀನಿನ ಮೇಲೆ ನೆಟ್ಟಿತು.

"ಬೇಡ ಕಣೋ, ಬೈಸ್ಕೋತೀಯ. ಮತ್ತೆ ಅಂಗಡಿಗೆ ಕಳಿಸ್ತಾರೆ."

"ಕಳಿಸಲಿ ಬಿಡಣ್ಣಾ, ನೀನಿಲ್ಲದಿದ್ರೆ ಈಗಾಗಲೇ ಅಲ್ಲಿರುತ್ತಿದ್ದೆ," ಎಂದ ಕ್ಯಾಮೆರಾ ಕ್ಲಿಕ್ಕಿಸಿಯೇ ಬಿಟ್ಟಿತು.

ಡಾಕ್ಟರಮ್ಮ ಫೋಟೊ ನೋಡಿದರು, ಹುಬ್ಬು ಗಂಟಿಕ್ಕಿದರು, ಆಮೇಲೆ ನಕ್ಕರು. ಈಗ ಆ ಫೋಟೊ ರೋಗಿಯ ಕುರ್ಚಿಯ ಎದುರು ಗೋಡೆಯ ಮೇಲಿದೆ. ಕೂತವರಿಗೆಲ್ಲ ಅದನ್ನೇ ತೋರಿಸಿ ಅವರು ಹೇಳುತ್ತಾರೆ: "ನೋಡಿ, ಬಾಯಿ ಅಂದ್ರೆ ಹೀಗೆ ತೆಗೀಬೇಕು."